ಅಟ್ಟದ ಕಾಯಿ, ನಾಲ್ಕನೇ ವರ್ಷದ ಕಾರು

ಕೊಬ್ಬರಿಗೆ ರೇಟು ಬಂತು, ಕಾರಿಗೆ ತೆರಿಗೆ ಇಳಿಯಿತು. ಆದರೆ ಶೋರೂಮಿನಿಂದ ಗಾಡಿ ಹೊರಡುವ ಮುನ್ನ ಬರುವ ಕೊನೆಯ ಪ್ರಶ್ನೆಗೆ ಉತ್ತರ ಸುಲಭವಿಲ್ಲ: ‘ಎಕ್ಸ್‌ಟೆಂಡೆಡ್ ವಾರಂಟಿ ಹಾಕ್ಬಿಡ್ಲಾ ಸಾರ್?’ ಶೆಟ್ಟಿಕೆರೆಯ ಒಂದು ಮನೆಯ ಜಗಲಿಯ ಮೇಲೆ ಕೂತು ಹಾಕಿದ ಲೆಕ್ಕ ಇದು.

ಭಾವ ಅಟ್ಟದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಮಟ್ಟೆ ಒಣಗಿ ಬೂದಿ ಬಣ್ಣಕ್ಕೆ ತಿರುಗಿದ ಕಾಯೊಂದನ್ನು ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಎಡಗಿವಿಗೂ ಭುಜಕ್ಕೂ ನಡುವೆ ಮೊಬೈಲು ಸಿಕ್ಕಿಸಿಕೊಂಡಿದ್ದರು. ಒಂದು ಕಿವಿಗೆ ಲೊಡಲೊಡ ಸದ್ದು, ಇನ್ನೊಂದಕ್ಕೆ ಶೋರೂಮಿನ ಹುಡುಗನ ದನಿ.

“ಸಾರ್, ನಾಳಿದ್ದು ಡೆಲಿವರಿ. ಎಕ್ಸ್‌ಟೆಂಡೆಡ್ ವಾರಂಟಿ ಹಾಕ್ಬಿಡ್ಲಾ? ನಾಲ್ಕು, ಐದು, ಆರನೇ ವರ್ಷ ಸೇರಿ ಹದಿನೆಂಟು ಸಾವಿರ ಆಗುತ್ತೆ.”

ಭಾವ ಕಾಯಿ ಕೆಳಗಿಟ್ಟು, ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದರು. “ಏನಪ್ಪ, ಹಾಕ್ಸಣ್ವಾ?”

ಆಯುಧಪೂಜೆಗೆ ಎರಡೇ ದಿನ ಉಳಿದಿತ್ತು. ಅವರ ಹಳೆಯ ಕಾರು ಹನ್ನೊಂದು ವರ್ಷ ದುಡಿದು ಹೋದ ತಿಂಗಳಷ್ಟೇ ಬೇರೆಯವರ ಮನೆ ಸೇರಿತ್ತು. ಹೊಸದಕ್ಕೆ ಬಣ್ಣ ಆರಿಸಿದ್ದು ಅಕ್ಕ, ಮಾಡೆಲ್ ಆರಿಸಿದ್ದು ಮಗ. ಈ ಒಂದು ಪ್ರಶ್ನೆ ಮಾತ್ರ ಯಾರೂ ಆರಿಸದೆ ಉಳಿದುಕೊಂಡಿತ್ತು.

“ಸಂಜೆ ಹೇಳ್ತೀನಪ್ಪ” ಎಂದು ಭಾವ ಫೋನ್ ಇಟ್ಟರು. ಅವತ್ತು ಮಧ್ಯಾಹ್ನವೆಲ್ಲ ನಾವು ಮಾತಾಡಿದ್ದು ಅದನ್ನೇ.

ರೇಟು ಬಂದ ವರ್ಷ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕಾರು ಕೊಳ್ಳುವುದಕ್ಕೂ ಕೊಬ್ಬರಿಯ ರೇಟಿಗೂ ನೇರ ನಂಟು. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ ಕುಸಿದು ರೈತರು ಬೀದಿಗಿಳಿಯಬೇಕಾಯಿತು. 2024ರಲ್ಲಿ ಬೆಂಬಲ ಬೆಲೆ 12,000 ಆಯಿತು, ಅದರ ಮೇಲೆ ರಾಜ್ಯ ಸರ್ಕಾರ 1,500 ಸೇರಿಸಿತು. ಆಗ ನಾಫೆಡ್ ಖರೀದಿಗೆ ಹೆಸರು ಬರೆಸಲು ಸಾಲು ನಿಂತವರಲ್ಲಿ ಭಾವನೂ ಒಬ್ಬರು. 2025ರಲ್ಲಿ ಎಲ್ಲ ತಲೆಕೆಳಗಾಯಿತು. ಬೆಂಬಲ ಬೆಲೆ 12,100 ಇದ್ದರೆ, ತಿಪಟೂರು ಹರಾಜಿನಲ್ಲಿ ರೇಟು 20,000 ದಾಟಿ ಓಡಿತು.

ಅದರ ಬೆನ್ನಿಗೆ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ, ಹೊಸ ಜಿಎಸ್‌ಟಿ ದರ ಬಂತು. ನಾಲ್ಕು ಮೀಟರ್ ಒಳಗಿನ, 1,200 ಸಿ.ಸಿ. ಒಳಗಿನ ಪೆಟ್ರೋಲ್ ಕಾರಿಗೆ ಸೆಸ್ ಸೇರಿ ಶೇ 29 ಇದ್ದದ್ದು ಶೇ 18ಕ್ಕೆ ಇಳಿಯಿತು. ಹಬ್ಬದ ವಾರ ಬಿ.ಎಚ್. ರಸ್ತೆಯಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡ ಹೊಸ ಬಂಪರುಗಳೇ ಕಾಣುತ್ತಿದ್ದವು.

ಹೀಗೆ ಉಳಿದ ದುಡ್ಡು ಜೇಬಿನಲ್ಲಿ ಬೆಚ್ಚಗಿರುವಾಗ ಹದಿನೆಂಟು ಸಾವಿರ ದೊಡ್ಡದು ಅನ್ನಿಸುವುದಿಲ್ಲ. ಎಂಟು ಲಕ್ಷದ ಬಿಲ್ಲಿನ ಪಕ್ಕದಲ್ಲಿ ಅದು ಮ್ಯಾಟು, ಸೀಟ್ ಕವರಿನ ಸಾಲಿಗೆ ಸೇರಿಬಿಡುತ್ತದೆ. ಅದಕ್ಕೇ ಆ ಪ್ರಶ್ನೆಯನ್ನು ಡೆಲಿವರಿಯ ಹೊತ್ತಿಗೆ ಕೇಳುತ್ತಾರೆ. ಕೇಳುವ ಹುಡುಗನದು ತಪ್ಪಲ್ಲ, ಅದು ಅವನ ಕೆಲಸ. ಯೋಚಿಸಿ ಹೇಳುವುದು ನಮ್ಮ ಕೆಲಸ.

ಮೂರು ಕಾಗದ, ಒಂದೇ ಫೈಲು

ಮೊದಲು ನಾವು ಮಾಡಿದ್ದು ಕಾಗದ ಬೇರೆ ಮಾಡಿಡುವ ಕೆಲಸ. ಕಾರಿನ ಫೈಲಿನೊಳಗೆ ವಿಮೆ, ವಾರಂಟಿ, ಸರ್ವಿಸ್ ಪ್ಯಾಕೇಜು ಮೂರೂ ಒಟ್ಟಿಗೆ ಇರುತ್ತವೆ. ಮನೆಯಲ್ಲಿ ಬಹಳ ಜನಕ್ಕೆ ಇವು ಒಂದೇ.

ಮರದಿಂದ ಕಾಯಿ ಬಿದ್ದು ಬಾನೆಟ್ ತಗ್ಗಾದರೆ, ಗರಿ ಬಿದ್ದು ಮುಂದಿನ ಗಾಜು ಒಡೆದರೆ ಅದು ವಿಮೆಯ ಲೆಕ್ಕ. ಹೊರಗಿನಿಂದ ಬಂದ ಪೆಟ್ಟಿಗೆ ವಾರಂಟಿ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಕೋಡಿ ಬಿದ್ದ ಹಳ್ಳದಲ್ಲಿ ಗಾಡಿ ಇಳಿಸಿ ಎಂಜಿನ್ನಿಗೆ ನೀರು ನುಗ್ಗಿದರೆ ವಾರಂಟಿಯೂ ಇಲ್ಲ, ಮಾಮೂಲಿ ವಿಮೆಯೂ ಸಾಲದು. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಎಂಬ ಬೇರೆ ಸೇರ್ಪಡೆ ಬೇಕು.

ಆಯಿಲ್, ಫಿಲ್ಟರು ಬದಲಿಸುವ ಖರ್ಚನ್ನು ಮುಂಗಡ ಕಟ್ಟುವುದು ಸರ್ವಿಸ್ ಪ್ಯಾಕೇಜು.

ವಾರಂಟಿ ಎಂದರೆ ಇವೆರಡೂ ಅಲ್ಲದ್ದು. ಕಂಪನಿ ಮಾಡಿಕೊಟ್ಟ ಭಾಗ, ನೀವು ಸರಿಯಾಗಿ ನೋಡಿಕೊಂಡೂ ತಾನಾಗಿ ಕೆಟ್ಟರೆ ಬಿಟ್ಟಿ ಸರಿಮಾಡಿಕೊಡುವ ಮಾತು. ಎಂಜಿನ್ ಒಳಭಾಗ, ಗೇರ್‌ಬಾಕ್ಸ್, ಸ್ಟೇರಿಂಗ್ ಮೋಟರು, ಎ.ಸಿ. ಕಂಪ್ರೆಸರ್, ಆಲ್ಟರ್ನೇಟರು, ಕಂಪ್ಯೂಟರ್ ಪೆಟ್ಟಿಗೆ ಇವೆಲ್ಲ ಅದರೊಳಗೆ ಬರುತ್ತವೆ. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ವೈಪರು, ಬಲ್ಬು, ಟೈರುಗಳಂಥ ಸವೆಯುವ ಸಾಮಾನು ಸಾಮಾನ್ಯವಾಗಿ ಬರುವುದಿಲ್ಲ. ಹಳ್ಳಿಯ ರಸ್ತೆಯಲ್ಲಿ ಓಡುವ ಕಾರಿಗೆ ಮೊದಲು ಖರ್ಚು ಬರುವುದು ಈ ಸವೆಯುವ ಸಾಮಾನಿಗೇ ಎಂಬುದನ್ನು ನೆನಪಿಡಬೇಕು.

ಚೌಕಟ್ಟು: ಮೂಲ ವಾರಂಟಿಯೇ ಉದ್ದವಾಗಿದೆ

ಮಾರುತಿ ಸುಜುಕಿ 2024ರ ಜುಲೈ 9ರಿಂದ ಮೂಲ ವಾರಂಟಿಯನ್ನು 2 ವರ್ಷ ಅಥವಾ 40,000 ಕಿ.ಮೀ.ನಿಂದ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ದುಡ್ಡು ಕೊಟ್ಟು ವಿಸ್ತರಿಸಿಕೊಂಡರೆ ಆರು ವರ್ಷ ಅಥವಾ 1.6 ಲಕ್ಷ ಕಿ.ಮೀ. ತನಕ ಹೋಗುತ್ತದೆ. ಹುಂಡೈ ಕಾರುಗಳ ಮೂಲ ವಾರಂಟಿ ಮೂರು ವರ್ಷ, ಕಿಲೋಮೀಟರಿಗೆ ಮಿತಿಯಿಲ್ಲ. ‘ವರ್ಷ ಅಥವಾ ಕಿಲೋಮೀಟರ್’ ಎಂದಿದ್ದಲ್ಲೆಲ್ಲ ಅರ್ಥ ಒಂದೇ: ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಮುಗಿಯಿತು.

ಎರಡು ತಿಂಗಳು ತಡವಾದದ್ದಕ್ಕೆ

ಭಾವ ನನ್ನನ್ನೇ ಕೇಳಿದ್ದಕ್ಕೆ ಕಾರಣ ಇತ್ತು. ನನ್ನ ಕಾರಿಗೆ ನಾನು ವಿಸ್ತರಿಸಿದ ವಾರಂಟಿ ಕೊಂಡಿದ್ದೆ. ಕೊಂಡ ದಿನ ನೆಮ್ಮದಿಯಾಗಿತ್ತು. ಮೂರನೇ ವರ್ಷ ಅಪ್ಪ ಆಸ್ಪತ್ರೆ ಸೇರಿದರು. ಮನೆ, ಆಸ್ಪತ್ರೆ, ಔಷಧಿ ಅಂಗಡಿಯ ನಡುವೆ ಕಾರು ಓಡಿದ್ದೇ ಓಡಿದ್ದು, ಸರ್ವಿಸ್ ತಾರೀಕು ಯಾರಿಗೆ ನೆನಪಿರುತ್ತದೆ? ಎರಡು ತಿಂಗಳು ತಡವಾಗಿ ಬಿಟ್ಟೆ.

ನಾಲ್ಕನೇ ವರ್ಷದ ಬೇಸಿಗೆಯಲ್ಲಿ ಎ.ಸಿ. ಕಂಪ್ರೆಸರ್ ಕೆಟ್ಟಿತು. ಸರ್ವಿಸ್ ಸೆಂಟರಿನವರು ಕಂಪ್ಯೂಟರ್ ನೋಡಿ, “ಮೂರನೇ ವರ್ಷದ ಸರ್ವಿಸ್ ಟೈಮಿಗೆ ಆಗಿಲ್ಲ ಸಾರ್, ಕ್ಲೇಮ್ ಬರಲ್ಲ” ಎಂದರು. ಕಂಪ್ರೆಸರಿಗೂ ಎಂಜಿನ್ ಆಯಿಲ್‌ಗೂ ಏನು ಸಂಬಂಧ ಎಂದು ಕೇಳಿದೆ. ಷರತ್ತಿನ ಹಾಳೆ ತೋರಿಸಿದರು. ನಾಲ್ಕನೇ ಪುಟದಲ್ಲಿ ಆ ಸಾಲು ಇತ್ತು. ನನ್ನ ಸಹಿ ಇದ್ದದ್ದು ಮೊದಲ ಪುಟದಲ್ಲಿ.

ಆಗ ನಾನು ಸುಮ್ಮನೆ ದುಡ್ಡು ಕಟ್ಟಿ ಬಂದೆ. ಇವತ್ತಾಗಿದ್ದರೆ ಬರುತ್ತಿರಲಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷ ಅವಕಾಶ ಇರುತ್ತದೆ. ಕೊಟ್ಟ ಮೊತ್ತ ಐದು ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. 1915ಕ್ಕೆ ಫೋನ್ ಮಾಡಿದರೆ ಮೊದಲ ಹೆಜ್ಜೆ ತಿಳಿಸುತ್ತಾರೆ. ಗೆಲ್ಲುತ್ತಿದ್ದೆನೋ ಇಲ್ಲವೋ, ಕೇಳಬೇಕಾದಲ್ಲಿ ಕೇಳಿದೆ ಎಂಬ ಸಮಾಧಾನವಾದರೂ ಇರುತ್ತಿತ್ತು.

ಇನ್ನೊಂದು ಸಂಗತಿ ನನಗೆ ಆಮೇಲೆ ಗೊತ್ತಾಯಿತು. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜಿಗೆ ಸಿಗದ ಹಾಗೆ ಕಟ್ಟಿಹಾಕಿದ್ದಾರೆ ಎಂಬುದು ಮುಖ್ಯ ಆರೋಪ. ಹೊರಗಿನ ಮೆಕ್ಯಾನಿಕ್ ಹತ್ತಿರ ಹೋದ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಮಾಡಬಾರದು, ಅವನ ತಪ್ಪಿನಿಂದ ಕೆಟ್ಟ ಭಾಗಕ್ಕೆ ಮಾತ್ರ ಇಲ್ಲ ಎನ್ನಬಹುದು ಎಂದು ಆಯೋಗ ಹೇಳಿತ್ತು. ಕಂಪನಿಗಳು ಮೇಲ್ಮನವಿ ಹೋದವು. ಅಮೆರಿಕದಲ್ಲಿ ಇಂಥದೇ ಮಾತನ್ನು 1975ರ ಮ್ಯಾಗ್ನಸನ್–ಮಾಸ್ ವಾರಂಟಿ ಕಾಯ್ದೆ ಕಾನೂನಾಗಿಯೇ ಬರೆದಿಟ್ಟಿದೆ.

ಆದರೆ ಆ ಆದೇಶ ನಂಬಿಕೊಂಡು ಸರ್ವಿಸ್ ತಪ್ಪಿಸಬೇಡಿ ಎಂದು ಭಾವನಿಗೆ ಹೇಳಿದೆ. ದುಡ್ಡು ಕೊಟ್ಟು ಕೊಂಡ ವಾರಂಟಿಗೆ ಅದರದೇ ಷರತ್ತು ಇರುತ್ತದೆ. ಅಧಿಕೃತ ಸೆಂಟರಿನಲ್ಲಿ, ಹೇಳಿದ ಕಿಲೋಮೀಟರಿಗೆ ಅಥವಾ ತಿಂಗಳಿಗೆ, ಬಿಲ್ಲು ಸಮೇತ ಸರ್ವಿಸ್ ಆಗಿರಲೇಬೇಕು. ಶೆಟ್ಟಿಕೆರೆಯಲ್ಲಿ ಅಧಿಕೃತ ಸೆಂಟರು ಇಲ್ಲ. ಅಂದರೆ ಆರು ವರ್ಷವೂ ತಿಪಟೂರಿಗೋ ತುಮಕೂರಿಗೋ ಹೋಗಿ ಒಂದು ದಿನ ಕಳೆಯಬೇಕು. ಹದಿನೆಂಟು ಸಾವಿರಕ್ಕೆ ಆ ದಿನಗಳನ್ನೂ ಸೇರಿಸಿ ಲೆಕ್ಕ ಹಾಕಬೇಕು.

ಮಂಡಿ ಚೀಟಿಯ ಹಿಂಬದಿ

ಭಾವ ಕೊಬ್ಬರಿ ಮಂಡಿಯ ಹಳೆಯ ಚೀಟಿ ತಿರುಗಿಸಿ ಪೆನ್ನು ತೆಗೆದರು. ಲೆಕ್ಕ ಅವರಿಗೆ ಹೊಸದಲ್ಲ. ಕಿತ್ತ ಕಾಯನ್ನು ಹಸಿಯಾಗಿ ಮಾರಿದರೆ ಇವತ್ತೇ ದುಡ್ಡು. ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಿ, ಅಲ್ಲಾಡಿಸಿದರೆ ಸದ್ದು ಬರುವ ತನಕ ಕೈ ಹಾಕುವ ಹಾಗಿಲ್ಲ. ಅಷ್ಟರಲ್ಲಿ ಕೆಲವು ಕೌಟಾಗುತ್ತವೆ, ರೇಟು ಏರಬಹುದು, ಇಳಿಯಬಹುದು. ಇಷ್ಟೆಲ್ಲ ತೂಗಿ ಪ್ರತಿ ಕೊಯ್ಲಿಗೂ ನಿರ್ಧಾರ ಮಾಡುವವರಿಗೆ ವಾರಂಟಿಯ ಲೆಕ್ಕ ಕಷ್ಟವೇ ಅಲ್ಲ. ಯಾರೂ ಹಾಕಲು ಬಿಡುವುದಿಲ್ಲ ಅಷ್ಟೆ.

ಹದಿನೆಂಟು ಸಾವಿರ ಇವತ್ತು ಕೊಡುತ್ತೇವೆ. ಅದು ಕೆಲಸಕ್ಕೆ ಬರುವುದು ಮೂರು ವರ್ಷ ಕಳೆದ ಮೇಲೆ. ಅದೇ ದುಡ್ಡು ಶೇ 6.5ರ ಠೇವಣಿಯಲ್ಲಿದ್ದರೆ ಅಷ್ಟರಲ್ಲಿ 21,700ರ ಹತ್ತಿರ ಆಗಿರುತ್ತದೆ. ಸಾಲದ ಕಂತಿಗೆ ಸೇರಿಸಿಬಿಡಿ ಎಂದು ಶೋರೂಮಿನ ಹುಡುಗ ಹೇಳಿದ್ದ. ಶೇ 9ರ ಬಡ್ಡಿಗೆ ಐದು ವರ್ಷ ಕಟ್ಟಿದರೆ ತಿಂಗಳಿಗೆ 374 ರೂಪಾಯಿ, ಒಟ್ಟು 22,400 ದಾಟುತ್ತದೆ. ಹದಿನೆಂಟು ಸಾವಿರದ ಕಾಗದಕ್ಕೆ ನಾಲ್ಕು ಸಾವಿರ ಚಿಲ್ಲರೆ ಬಡ್ಡಿ.

“ಅದು ಸರಿ. ದೊಡ್ಡ ರಿಪೇರಿ ಬಂದ್ರೆ ಎಷ್ಟಾಗಬಹುದು?” ಭಾವ ಕೇಳಿದರು. ಅವರು ಕೊಂಡಿರುವುದು ಮ್ಯಾನ್ಯುಯಲ್ ಗೇರಿನ ಸಣ್ಣ ಪೆಟ್ರೋಲ್ ಕಾರು. ಅಂದಾಜಿಗೆ ಅರವತ್ತು ಸಾವಿರ ಎಂದಿಟ್ಟುಕೊಂಡೆವು. ಹಾಗಾದರೆ ಇಂಥ ಹತ್ತು ಕಾರಿನಲ್ಲಿ ಮೂರಕ್ಕಾದರೂ ನಾಲ್ಕರಿಂದ ಆರನೇ ವರ್ಷದೊಳಗೆ ಅಷ್ಟು ದೊಡ್ಡ ರಿಪೇರಿ ಬರಬೇಕು, ಆಗ ಕೊಟ್ಟದ್ದಕ್ಕೂ ಬಂದದ್ದಕ್ಕೂ ಸರಿಹೋಗುತ್ತದೆ. ಊರಿನಲ್ಲಿ ಅಂಥ ಕಾರು ಇರುವವರನ್ನು ಭಾವ ಬೆರಳೆಣಿಸಿದರು. ಎಂಟು ಮನೆ ಸಿಕ್ಕವು. ಎಂಜಿನ್ ಬಿಚ್ಚಿಸಿದ್ದು ಒಬ್ಬರೇ, ಅದೂ ಆಯಿಲ್ ಇಲ್ಲದೆ ಓಡಿಸಿದ್ದಕ್ಕೆ. ಅದನ್ನು ವಾರಂಟಿ ಒಪ್ಪುವುದಿಲ್ಲ.

ಎಂಟು ಮನೆಯ ಲೆಕ್ಕ ಸಮೀಕ್ಷೆಯಾಗುವುದಿಲ್ಲ, ನಿಜ. ಆದರೆ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 2013ರಲ್ಲಿ ತನ್ನ ಓದುಗರನ್ನು ಕೇಳಿದಾಗಲೂ ವಿಸ್ತರಿಸಿದ ವಾರಂಟಿ ಕೊಂಡವರಲ್ಲಿ ಶೇ 55 ಮಂದಿ ಅದನ್ನು ಒಮ್ಮೆಯೂ ಬಳಸಿರಲಿಲ್ಲ. ಆ ದೇಶದಲ್ಲಿ ಇಂಥ ಒಪ್ಪಂದಗಳನ್ನು ಮಾರುವ ಬೇರೆ ಕಂಪನಿಗಳೇ ಇವೆ. ಅವುಗಳಲ್ಲಿ ಕಾರ್‌ಶೀಲ್ಡ್ ಎಂಬುದು ದಾರಿ ತಪ್ಪಿಸುವ ಜಾಹೀರಾತು ಕೊಟ್ಟ ಆರೋಪಕ್ಕೆ 2024ರ ಜುಲೈನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಜೊತೆ ಒಂದು ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ನಮ್ಮಲ್ಲೂ ಕೇಳಬೇಕಾದ ಮೊದಲ ಮಾತು ಇದೇ: ಈ ಕಾಗದ ಕಾರು ಮಾಡಿದ ಕಂಪನಿಯದೋ, ಡೀಲರಿನದೋ, ಇನ್ಯಾರದೋ? ತಯಾರಕ ಕಂಪನಿಯದಲ್ಲದ ಕಾಗದವನ್ನು ನಾನಂತೂ ಮುಟ್ಟುವುದಿಲ್ಲ.

ಚೌಕಟ್ಟು: ಮರಕ್ಕೂ ಉಂಟು ಲೆಕ್ಕ

ತೆಂಗು ಅಭಿವೃದ್ಧಿ ಮಂಡಳಿಯ ತೆಂಗಿನ ಮರ ವಿಮಾ ಯೋಜನೆಯಲ್ಲಿ 4ರಿಂದ 15 ವರ್ಷದ ಮರಕ್ಕೆ 900 ರೂಪಾಯಿ ವಿಮೆ, ಕಂತು 9 ರೂಪಾಯಿ. 16ರಿಂದ 60 ವರ್ಷದ ಮರಕ್ಕೆ 1,750 ರೂಪಾಯಿ ವಿಮೆ, ಕಂತು 14. ಅದರಲ್ಲಿ ಅರ್ಧ ಮಂಡಳಿಯದು, ಕಾಲು ರಾಜ್ಯದ್ದು, ಕಾಲು ರೈತನದು. ದೊಡ್ಡ ಮರಕ್ಕೆ ರೈತನ ಕೈಯಿಂದ ಹೋಗುವುದು ಮೂರೂವರೆ ರೂಪಾಯಿ. ವಿಮೆಯ ಮೊತ್ತದ ನೂರಕ್ಕೆ ಒಂದು ರೂಪಾಯಿಯ ಒಳಗೇ ಪೂರ್ತಿ ಕಂತು ಮುಗಿಯುತ್ತದೆ. ಭಾವನ ಕಾರಿನ ಕಾಗದದಲ್ಲಿ ಅರವತ್ತು ಸಾವಿರದ ಭಯಕ್ಕೆ ವರ್ಷಕ್ಕೆ ಆರು ಸಾವಿರ, ಅಂದರೆ ನೂರಕ್ಕೆ ಹತ್ತು.

ಮೀಟರು ಓಡುವ ಬಗೆ

ಭಾವನ ಹಳೆಯ ಕಾರು ಹನ್ನೊಂದು ವರ್ಷದಲ್ಲಿ ಓಡಿದ್ದು 74,000 ಕಿ.ಮೀ. ವರ್ಷಕ್ಕೆ ಏಳು ಸಾವಿರಕ್ಕೂ ಕಡಿಮೆ. ತಿಪಟೂರು ಸಂತೆ, ಮಂಡಿ, ನೆಂಟರ ಮದುವೆ, ವರ್ಷಕ್ಕೊಮ್ಮೆ ಧರ್ಮಸ್ಥಳ. ಹೊಸ ಕಾರೂ ಹೀಗೇ ಓಡಿದರೆ ಆರು ವರ್ಷಕ್ಕೆ ನಲವತ್ತು ಸಾವಿರ. 1.6 ಲಕ್ಷ ಕಿಲೋಮೀಟರಿನ ಭರವಸೆಗೆ ದುಡ್ಡು ಕೊಟ್ಟು ಅದರ ಕಾಲುಭಾಗ ಬಳಸಿದಂತೆ.

ಅದೇ ಅಕ್ಕನ ಮೈದುನನ ಮಗ ಔಷಧಿ ಕಂಪನಿಯ ಪ್ರತಿನಿಧಿ. ಅರಸೀಕೆರೆ, ಹುಳಿಯಾರು, ಶಿರಾ, ಹಿರಿಯೂರು ಎಂದು ವರ್ಷಕ್ಕೆ ನಲವತ್ತು ಸಾವಿರ ಓಡಿಸುತ್ತಾನೆ. ಅವನಿಗೆ ಮೂಲ ವಾರಂಟಿಯ ಒಂದು ಲಕ್ಷ ಎರಡೂವರೆ ವರ್ಷಕ್ಕೇ ಮುಗಿಯುತ್ತದೆ. ವಿಸ್ತರಿಸಿದ 1.6 ಲಕ್ಷ ನಾಲ್ಕು ವರ್ಷಕ್ಕೆ ಮುಗಿಯುತ್ತದೆ. ಮೂರು ವರ್ಷ ಹೆಚ್ಚುವರಿ ಎಂದು ಕೊಂಡದ್ದು ಅವನ ಪಾಲಿಗೆ ಒಂದೂವರೆ ವರ್ಷ. ಆದರೂ ಅವನು ಕೊಳ್ಳಲಿ ಎಂದೇ ನಾನು ಹೇಳುತ್ತೇನೆ. ಆ ಅರವತ್ತು ಸಾವಿರ ಕಿಲೋಮೀಟರಿನಲ್ಲಿ ಏನಾದರೂ ಕೈಕೊಡುವ ಸಾಧ್ಯತೆ ಭಾವನ ಆರು ವರ್ಷಕ್ಕಿಂತ ಹೆಚ್ಚು, ಮತ್ತು ಕಾರು ನಿಂತ ದಿನ ಅವನ ದುಡಿಮೆಯೂ ನಿಲ್ಲುತ್ತದೆ. ಹಳದಿ ಬೋರ್ಡಿನವರು ಮಾತ್ರ ತಮ್ಮ ಗಾಡಿಗೆ ಯಾವ ನಿಯಮ ಎಂದು ಬೇರೆಯಾಗಿ ಬರೆಸಿಕೊಳ್ಳಬೇಕು.

ಆಟೊಮ್ಯಾಟಿಕ್ ಗೇರು, ಟರ್ಬೊ ಎಂಜಿನ್, ಡೀಸೆಲ್ ಕಾರು ಕೊಳ್ಳುವವರಿಗೂ ನನ್ನ ಸಲಹೆ ಕೊಳ್ಳಿ ಎಂದೇ. ಅಲ್ಲಿ ಒಂದು ಭಾಗ ಕೆಟ್ಟರೂ ಬಿಲ್ಲು ಬೇರೆಯೇ ಎತ್ತರಕ್ಕೆ ಹೋಗುತ್ತದೆ, ಊರಿನ ಮೆಕ್ಯಾನಿಕ್ ಕೈಗೆ ಅದು ಸಿಗುವುದೂ ಇಲ್ಲ. ವಿದ್ಯುತ್ ಕಾರಿನಲ್ಲಿ ಬ್ಯಾಟರಿಯ ವಾರಂಟಿ ಬೇರೆಯೇ ಇರುತ್ತದೆ, ಉಳಿದ ಭಾಗಗಳದು ಬೇರೆ. ಎರಡನ್ನೂ ಕಲಸಿಕೊಳ್ಳದೆ ಓದಬೇಕು. ಐದನೇ ವರ್ಷಕ್ಕೆ ಮಾರುವ ಯೋಚನೆ ಇದ್ದರೆ ವಾರಂಟಿ ಮುಂದಿನ ಮಾಲೀಕನಿಗೆ ವರ್ಗವಾಗುತ್ತದೆಯೇ, ಎಷ್ಟು ಶುಲ್ಕ ಎಂದು ಕೇಳಬೇಕು. ವರ್ಗವಾಗುವ ಕಾಗದಕ್ಕೆ ಮಾರುವಾಗ ಬೆಲೆ ಇದೆ.

ಇಷ್ಟೆಲ್ಲ ಆದ ಮೇಲೆ ಭಾವ ಶೋರೂಮಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. “ಇವತ್ತು ಬೇಡ ಅಂದ್ರೆ ಮುಂದೆ ಯಾವತ್ತೂ ಸಿಗಲ್ವಾ?” ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಉತ್ತರ: ಸಿಗುತ್ತದೆ. ಮೂಲ ವಾರಂಟಿ ಮುಗಿಯುವ ಮೊದಲು ಯಾವಾಗ ಬೇಕಾದರೂ ಕೊಳ್ಳಬಹುದು, ರೇಟು ಸ್ವಲ್ಪ ಹೆಚ್ಚಾಗುತ್ತದೆ, ಅಷ್ಟೆ.

ನನಗೆ ಇಡೀ ಮಾತುಕತೆಯಲ್ಲಿ ಬೆಲೆಬಾಳುವ ಉತ್ತರ ಅದು. ಬಹುತೇಕ ಕಂಪನಿಗಳಲ್ಲಿ ಈ ಅವಕಾಶ ಇದೆ. ಮೂರು ವರ್ಷ ಓಡಿಸಿದ ಮೇಲೆ ಕಾರಿನ ಗುಣ ಗೊತ್ತಾಗಿರುತ್ತದೆ, ವರ್ಷಕ್ಕೆ ಎಷ್ಟು ಓಡುತ್ತದೆ ಎಂಬುದೂ ಗೊತ್ತಾಗಿರುತ್ತದೆ. ಪದೇ ಪದೇ ತೊಂದರೆ ಕೊಟ್ಟ ಕಾರಾದರೆ ಹೆಚ್ಚು ಕೊಟ್ಟಾದರೂ ಕೊಳ್ಳಬಹುದು. ತಣ್ಣಗೆ ಓಡಿದ ಕಾರಾದರೆ ದುಡ್ಡು ಮನೆಯಲ್ಲೇ ಉಳಿಯುತ್ತದೆ. ಅಲ್ಲಿಯವರೆಗೆ ಮಾಡಬೇಕಾದ್ದು ಒಂದೇ, ಸರ್ವಿಸ್ ತಪ್ಪಿಸದೆ ಬಿಲ್ಲು ಜೋಪಾನ ಮಾಡುವುದು.

“ಹಂಗಾದ್ರೆ ಬೇಡಪ್ಪ ಈಗ” ಎಂದರು ಭಾವ. ಹದಿನೆಂಟು ಸಾವಿರವನ್ನು ಅಕ್ಕನ ಹೆಸರಿನಲ್ಲಿ ಮೂರು ವರ್ಷಕ್ಕೆ ಠೇವಣಿ ಇಡುವುದೆಂದಾಯಿತು.

ಅಟ್ಟದ ಬಾಗಿಲ ಒಳಬದಿಯಲ್ಲಿ ಭಾವ ಸೀಮೆಸುಣ್ಣದಿಂದ ಲೆಕ್ಕ ಬರೆಯುತ್ತಾರೆ. ಯಾವ ತಿಂಗಳು ಎಷ್ಟು ಕಾಯಿ ಹಾಕಿದೆ, ಯಾವಾಗ ಇಳಿಸಬೇಕು ಎಂದು. ಆ ಸಾಲುಗಳ ಕೆಳಗೆ ಇನ್ನೊಂದು ಸಾಲು ಬಂತು: ‘ಕಾರು, 2028 ಆಗಸ್ಟ್’.

ಅಕ್ಕ ಅದನ್ನು ಓದಿ ನನ್ನ ಕಡೆ ತಿರುಗಿದಳು. “ಅದೆಲ್ಲ ಸರಿ ಕಣೋ, ಇಲಿಗೇನು ಮಾಡ್ತೀರಿ?”

ಹೋದ ವರ್ಷ ನನ್ನ ಕಾರು ಎರಡು ರಾತ್ರಿ ಅದೇ ಅಟ್ಟದ ಕೆಳಗೆ ನಿಂತಿತ್ತು. ಮೂರನೇ ಬೆಳಗ್ಗೆ ಸ್ಟಾರ್ಟೇ ಆಗಲಿಲ್ಲ. ಬಾನೆಟ್ ಎತ್ತಿ ನೋಡಿದರೆ ಎಂಜಿನ್ ಮೇಲೆ ಹಿಡಿಯಷ್ಟು ತೆಂಗಿನ ನಾರು, ಅದರ ನಡುವೆ ಒಂದು ಕೊಬ್ಬರಿ ಚೂರು, ಪಕ್ಕದಲ್ಲಿ ಸಿಪ್ಪೆ ಸುಲಿದು ತಾಮ್ರ ಬಿಟ್ಟ ನಾಲ್ಕು ವೈರು. ಇಲಿ ಕಡಿದದ್ದು ಯಾವ ವಾರಂಟಿಗೂ ಬರುವುದಿಲ್ಲ. ಕೆಲವು ವಿಮಾ ಪಾಲಿಸಿಗಳಲ್ಲಿ ಸಿಗುತ್ತದೆ, ನನ್ನದರಲ್ಲಿ ಸಿಗಲಿಲ್ಲ.

ಆಯುಧಪೂಜೆಯ ದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು, ಊರು ಒಂದು ಸುತ್ತು ಹಾಕಿ ಬಂದ ಮೇಲೆ ಕಾರು ಎಲ್ಲಿ ನಿಲ್ಲಿಸುವುದೆಂದು ಮತ್ತೆ ಚರ್ಚೆ ನಡೆಯಿತು. ಅಟ್ಟದ ಕೆಳಗೆ ಬೇಡವೆಂದಳು ಅಕ್ಕ. ತೆಂಗಿನ ಮರದ ಕೆಳಗೆ ಬೇಡವೆಂದರು ಭಾವ. ಕೊನೆಗೆ ಕಣದ ನಡುವೆ, ಯಾವ ಮರದ ನೆರಳೂ ಬೀಳದ ಜಾಗದಲ್ಲಿ ನಿಲ್ಲಿಸಿ, ಕೊಬ್ಬರಿ ಒಣಗಿಸುವ ಟಾರ್ಪಾಲು ಹೊದಿಸಿದರು.